ಎಲೆಯ ಅಣುಗಳ ಕಂಪನ ಪರೀಕ್ಷೆ

ಪೈರಿಗೆ ಬಿಸಿಲು ಅತ್ಯವಶ್ಯಕವಾದರೂ, ಮಿತಿಮೀರಿದ ಬಿಸಿಲು ಎಲೆಯನ್ನು ಕೆಡಿಸುವುದು. ಪತ್ರಹರಿತ್ತು ಹೀರಿದ ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಕಳೆಯಲು ಕ್ಯಾರೊಟಿನ್ ಮೊದಲಾದ ಹಳದಿ ವರ್ಣದ್ರವ್ಯಗಳು ನೆರವಾಗುವುವು. ಇವುಗಳ ವೇಗವು ಅಪಾರವಾದುದು. ಬೆಳಕನ್ನು ಹೀರಿದ ಬೀಟಾ ಕ್ಯಾರೊಟಿನ್ ಅಣುವು ಸುಮಾರು 10 ಪಿಕೊಸೆಕೆಂಡುಗಳಲ್ಲಿ ಪೂರ್ವಸ್ಥಿತಿಗೆ ಮರಳುವುದು. ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲೇ ಪಿಕೊಸೆಕೆಂಡು.

ಇದನ್ನು ಅರಿಯಲು ಆಧಾರವಾದುದು ಸರ್ ಸಿ. ವಿ. ರಾಮನ್‌ರವರು 1928ರಲ್ಲಿ ಕಲ್ಕತ್ತೆಯಲ್ಲಿ ನಡೆಸಿದ ಶೋಧನೆ. ಅಣುಗಳಿಗೆ ತಗುಲಿ ಚದರಿದ ಬೆಳಕಿನಲ್ಲಿ ಅತ್ಯಲ್ಪ ಭಾಗವು ಬಣ್ಣ ಬದಲಿಸುವುದು. ಆ ಬದಲಾವಣೆಯ ಅಳತೆಯಿಂದ ಅಣುವಿನ ಕಂಪನವು ತಿಳಿಯುವುದು. ಈಗ ಲೇಸರಿನ ಒಂದು ಮಿಂಚಿನಿಂದ ಕ್ರಿಯೆಯನ್ನು ಆರಂಭಿಸಿ, ಗೊತ್ತಾದ ಕಾಲದ ಮೇಲೆ ಎರಡನೆಯ ಮಿಂಚನ್ನು ಬಿಟ್ಟು ಪರೀಕ್ಷಿಸುವರು. ಕಾಲಾಂತರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿದಂತೆ ಅಣುವಿನ ಮಾರ್ಪಾಟುಗಳು ಒಂದಾದ ಮೇಲೊಂದು ಗೋಚರಿಸುವುವು.

ಬಿಸಿಲಿನ ಬಾಧೆಯು ರೈತನ ಕಣ್ಣಿಗೆ ಬೀಳುವುದು ಎಲೆ ಬಾಡಿ ಬಣ್ಣಗೆಟ್ಟ ಮೇಲೆ. ಅದನ್ನು ತಡೆಯುವ ಕೆಲಸವಾದರೋ ಇಂತಹ ಕ್ಷಣಾಂಶಗಳಲ್ಲಿಯೇ ನಡೆಯುತ್ತಿರುವುದು.