ಆರೋ ಒಂಬತ್ತೋ

ಪಡುಬಿದ್ರಿಯ ಕಾರ್ಕಳ ರಸ್ತೆಯಲ್ಲಿ ಕಳೆದ ವಾರ ಒಂದು ಹಳೆಯ ಅಂಗಡಿಯ ಬಾಗಿಲು ಹಾಕುವುದನ್ನೇ ನೋಡುತ್ತ ನಿಂತುಬಿಟ್ಟೆ. ಶಟರ್ ಅಲ್ಲ, ಹಲಗೆ ಬಾಗಿಲು. ಒಟ್ಟು 11 ಹಲಗೆ, ಒಂದೊಂದರ ನೆತ್ತಿಯಲ್ಲೂ ಉಳಿಯಿಂದ ಕೆತ್ತಿದ ಕನ್ನಡ ಅಂಕೆ. ಸರದಿ ತಪ್ಪಿದರೆ ಕೊನೆಯದು ಕೂರುವುದಿಲ್ಲ. ಯಜಮಾನರು ಒಂದನ್ನು ಎತ್ತಿ, ಬೆರಳಿನಿಂದ ಅಂಕೆ ಸವರಿ, ಮತ್ತೆ ಗೋಡೆಗೆ ಒರಗಿಸಿದರು. "ಇದು ೬ ಅಲ್ಲ ಮಾರಾಯ್ರೆ, ೯. ಗೆದ್ದಲು ಬಾಲ ತಿಂದಿದೆ."

ಎದುರು ಅಂಗಡಿ, ಹಿಂದೆ ಅಡುಗೆಮನೆ, ಮೇಲೆ ಉಪ್ಪರಿಗೆ. ಹೆದ್ದಾರಿ ಅಗಲವಾಗುವಾಗ ಪೇಟೆ ಇಂಥ ಹಳೆಯ ಕಟ್ಟಡಗಳನ್ನು ಕಳಕೊಂಡಿತು. ಇದು ಒಳರಸ್ತೆಯ ಪುಣ್ಯದಿಂದ ಉಳಿದಿದೆ. ಯಜಮಾನರ ಮೊಮ್ಮಗಳಿಗೆ ಉಪ್ಪರಿಗೆಯಲ್ಲಿ ನಾಲ್ಕು ಕೋಣೆ ಮಾಡಿ, ಎಲ್ಲರಿಗೂ ಕೆಳಗಿನ ಒಂದೇ ಅಡುಗೆಮನೆ ಇಟ್ಟು, ಬಾಡಿಗೆಗೆ ಕೊಡುವ ಆಸೆ. ಸಿಂಗಾಪುರದಲ್ಲಿ ಇಂಥ ಅಂಗಡಿಮನೆಗಳಿಗೆ 1989ರಿಂದ ಕಾನೂನಿನ ರಕ್ಷಣೆ ಇದೆ, ಕೆಲವು ಈಗ ಹೀಗೆಯೇ ಒಟ್ಟುವಾಸದ ಮನೆಗಳು. ಅಲ್ಲಿ ಅಂಗಡಿಗಳ ಎದುರು ಮಾಡಿನಡಿ ನಡೆಯುವ ಓಣಿ ಇರಬೇಕೆಂದು ಬ್ರಿಟಿಷ್ ಅಧಿಕಾರಿ ರಾಫಲ್ಸ್ 1822ರಲ್ಲೇ ಹೇಳಿದ್ದನಂತೆ. ನಮ್ಮ ಜಗಲಿಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ!

ಹಳೆಯ ಮನೆ ಉಳಿಸಲು ಇನ್ನೊಂದು ದಾರಿಯೂ ಉಂಟು: ಮಣಿಪಾಲದಲ್ಲಿ ವಿಜಯನಾಥ ಶೆಣೈ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದರು. ಪಡುಬಿದ್ರಿ ಪಕ್ಕದ ಕುಂಜೂರಿನ ಚೌಕಿಮನೆಯೂ ಅಲ್ಲಿದೆ. ಅವರ ಆ ಹೆರಿಟೇಜ್ ವಿಲೇಜಿನಲ್ಲಿ ಹಳೆಯ ಪೇಟೆಬೀದಿಯೂ ಉಂಟು. 2017ರಲ್ಲಿ ತೀರಿಕೊಂಡ ಆ ಮನುಷ್ಯನ ಹಟದ ಮೇಲೆ ನನಗೆ ಅಪಾರ ಗೌರವ. ಆದರೆ ಅಲ್ಲಿ ಒಲೆ ಹೊತ್ತುವುದಿಲ್ಲ, ಮಕ್ಕಳು ಕಂಬಕ್ಕೆ ಆತು ಮಗ್ಗಿ ಹೇಳುವುದಿಲ್ಲ. ಶೆಣೈಯವರು ತಾವು ಇರಲೆಂದು ಕಟ್ಟಿಸಿಕೊಂಡ 'ಹಸ್ತಶಿಲ್ಪ' ಮನೆಯೂ ಕೊನೆಗೆ ಸಂಗ್ರಹಾಲಯವೇ ಆಯಿತು. ಅದಕ್ಕೇ ಮೊಮ್ಮಗಳ ಯೋಜನೆ ನನಗೆ ಹಿಡಿಸಿದ್ದು. ಅನುಮಾನವಿದ್ದದ್ದು ಬಚ್ಚಲಿನ ಬಗ್ಗೆ ಮಾತ್ರ. ಅಪರಿಚಿತರು ನಾಲ್ವರು ಬೆಳಿಗ್ಗೆ ಏಳಕ್ಕೆ ಒಂದೇ ಬಾಗಿಲ ಎದುರು ನಿಂತರೆ?

ಯಜಮಾನರಿಗೆ ನಗು. "ನಾವು ಇಲ್ಲಿ 14 ಜನ ಇದ್ದೆವು. ಬಚ್ಚಲು ಒಂದೇ. ದಿನಾ ಜಗಳ. ಮಧ್ಯಾಹ್ನ ಊಟ ಒಟ್ಟಿಗೆ."

"ಊಟದ ಹೊತ್ತಿಗೆ ಜಗಳ ಮುಗಿಯುತ್ತಿತ್ತಾ?"

"ಎಲ್ಲಿ! ಬಡಿಸುವಾಗ ಹೊಸದು ಶುರು."

ಅಷ್ಟರಲ್ಲಿ ಕೊನೆಯ ಹಲಗೆ ಕೂರಲಿಲ್ಲ. ಎಲ್ಲವನ್ನೂ ತೆಗೆದು ಮೊದಲಿನಿಂದ ಶುರುಮಾಡಿದರು. ನನ್ನ ಕೈಗೊಂದು ಹಲಗೆ ಕೊಟ್ಟು, "ಇದನ್ನು ಹಿಡಕೊಳ್ಳಿ, ಕೇಳಿದಾಗ ಕೊಡಿ" ಎಂದರು. ಅಂಕೆ ನೋಡಿದೆ. ಆರೋ ಒಂಬತ್ತೋ, ನನಗೂ ತಿಳಿಯಲಿಲ್ಲ.