ಜಿ.ಎಂ. ಸೀಟು ಯಾರದು?

ಕರ್ನಾಟಕದ ಸರ್ಕಾರಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶದಲ್ಲಿ ಒಂದಷ್ಟು ಸೀಟುಗಳನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಕಾದಿರಿಸಲಾಗುತ್ತದೆ. ಹಿಂದುಳಿದ ವರ್ಗಗಳಲ್ಲಿ ಐದು ಪ್ರವರ್ಗಗಳಿವೆ: ಪ್ರವರ್ಗ 1ಕ್ಕೆ ಶೇ. 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 3 ಇದ್ದದ್ದನ್ನು 2022ರಲ್ಲಿ 17 ಮತ್ತು 7ಕ್ಕೆ ಏರಿಸಲಾಯಿತು. ಎಲ್ಲ ಕೂಡಿದರೆ 56. ಉಳಿದ 44ಕ್ಕೆ ಸೀಟು ಹಂಚಿಕೆಯ ಪಟ್ಟಿಯಲ್ಲಿ ಜಿ.ಎಂ. ಎಂಬ ಎರಡಕ್ಷರದ ಹೆಸರು: ಜನರಲ್ ಮೆರಿಟ್, ಅಂದರೆ ಸಾಮಾನ್ಯ ಅರ್ಹತೆ.

ಮೀಸಲಾತಿಯ ಬಗ್ಗೆ ನಡೆಯುವ ಜಗಳಗಳಲ್ಲಿ ಅರ್ಧದಷ್ಟು ಈ ಎರಡಕ್ಷರವನ್ನು ತಪ್ಪಾಗಿ ಓದಿದ್ದರಿಂದ ಹುಟ್ಟಿದವು. ಪರವಾಗಿ ಮಾತಾಡುವವರೂ ವಿರೋಧಿಸುವವರೂ ಒಂದೇ ತಪ್ಪನ್ನು ಮಾಡುತ್ತಾರೆ: ಜಿ.ಎಂ. ಎಂದರೆ ಮೀಸಲಾತಿ ಇಲ್ಲದ ಜಾತಿಗಳ ಪಾಲು ಎಂದುಕೊಳ್ಳುತ್ತಾರೆ. ಬೆಂಗಳೂರಿನ ಸಿಟಿ ಬಸ್ಸು ಹತ್ತಿದವರಿಗೆ ಈ ತಪ್ಪು ಹೊಸದಲ್ಲ. ‘ಮಹಿಳೆಯರಿಗೆ’ ಎಂದು ಬರೆದಿರುವುದು ಮುಂದಿನ ಕೆಲವು ಸೀಟುಗಳ ಮೇಲೆ ಮಾತ್ರ. ಹಿಂದಿನವುಗಳ ಮೇಲೆ ಗಂಡಸರ ಹೆಸರೇನೂ ಇರುವುದಿಲ್ಲ. ಆದರೂ ಅಲ್ಲಿ ಹೆಂಗಸೊಬ್ಬರು ಕುಳಿತರೆ ‘ಇದು ಜೆಂಟ್ಸ್ ಸೀಟು, ಮುಂದೆ ಹೋಗಮ್ಮ’ ಎನ್ನುವವರು ಒಬ್ಬರಾದರೂ ಇರುತ್ತಾರೆ. ಜಿ.ಎಂ. ಸೀಟು ಬಸ್ಸಿನ ಹಿಂದಿನ ಸೀಟಿನ ಹಾಗೆ. ಅದರ ಮೇಲೆ ಯಾರ ಹೆಸರೂ ಇಲ್ಲ.

ಹಾಗಾದರೆ ಈ ತಪ್ಪು ಎಲ್ಲಿಂದ ಬಂತು? ಒಂದು ಕಾಲದಲ್ಲಿ ಇದು ತಪ್ಪೇ ಆಗಿರಲಿಲ್ಲ. ಹಳೆಯ ಮದರಾಸು ಪ್ರಾಂತದ ಕಮ್ಯುನಲ್ ಜಿ.ಓ. ಎಂಬ ಆದೇಶದಲ್ಲಿ ಎಲ್ಲರಿಗೂ ಒಂದೊಂದು ಖಾನೆ ಇತ್ತು. ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಪ್ರತಿ 14 ಸೀಟಿಗೆ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ 1, ಮುಸ್ಲಿಮರಿಗೆ 1. ಅಲ್ಲಿ ಯಾರ ಹೆಸರೂ ಇಲ್ಲದ ಸೀಟು ಒಂದೂ ಇರಲಿಲ್ಲ. ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1951ರ ಏಪ್ರಿಲ್‌ನಲ್ಲಿ ಈ ಹಂಚಿಕೆಯನ್ನು ರದ್ದುಮಾಡಿತು. (ದಾವೆ ಹೂಡಿದ ಚಂಪಕಂ ವೈದ್ಯಕೀಯ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ! ಅರ್ಜಿ ಹಾಕಿದರೂ ಸೀಟು ಸಿಗದು ಎಂದು ತಿಳಿದು ಸುಮ್ಮನಿದ್ದರು.) ಎರಡು ತಿಂಗಳಲ್ಲೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು, 15(4)ನೇ ವಿಧಿ ಸೇರಿತು.

ಓದುಗರು ಸಾಮಾನ್ಯವಾಗಿ ಎಡವುವುದು ಇಲ್ಲೇ. ತಿದ್ದುಪಡಿಯಿಂದ ಹಳೆಯ ವ್ಯವಸ್ಥೆ ಮರಳಿ ಬಂತು ಎಂದು ಎಷ್ಟೋ ಕಡೆ ಬರೆದಿರುತ್ತದೆ. ಬಂದದ್ದು ಹಳೆಯದಲ್ಲ. 15(4) ಅನುಮತಿ ಕೊಟ್ಟಿದ್ದು ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ ವರ್ಗಗಳಿಗೆ ಮತ್ತು ಪರಿಶಿಷ್ಟರಿಗೆ ವಿಶೇಷ ಏರ್ಪಾಡು ಮಾಡಲು ಮಾತ್ರ. ಉಳಿದವರಿಗೆ ಖಾನೆ ಕೊರೆಯುವ ಅಧಿಕಾರ ಅದರಲ್ಲಿಲ್ಲ. ಖಾನೆಗಳ ಹಂಚಿಕೆ ಹೋಗಿ, ಕೆಲವು ಖಾನೆಗಳು ಮತ್ತು ಒಂದು ಬಯಲು ಎಂಬ ಹೊಸ ನಕ್ಷೆ ಬಂತು. ಕಾನೂನಿನ ನಕ್ಷೆ ಬದಲಾದರೂ ಜನರ ಮನಸ್ಸಿನಲ್ಲಿ ಹದಿನಾಲ್ಕು ಸೀಟಿನ ನಕ್ಷೆಯೇ ಉಳಿದಿದೆ.

ಈ ಬಯಲು ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ಮೊದಲು ಸುಪ್ರೀಂ ಕೋರ್ಟಿಗೆ ಹೋದದ್ದು ಮೈಸೂರು ರಾಜ್ಯದಿಂದ. ಇಲ್ಲಿ ಮೀಸಲಾತಿಗೆ ಹಳೆಯ ಬೇರಿದೆ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದರು. ಅದನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯ ಅದೇ ವರ್ಷ ಹುದ್ದೆ ಬಿಟ್ಟರು. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟುಗಳಲ್ಲಿ ಹಿಂದುಳಿದವರಿಗೆ ಶೇ. 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3, ಒಟ್ಟು 68ನ್ನು ಕಾದಿರಿಸಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ತೀರ್ಪು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಈ ಆದೇಶವನ್ನು ತಳ್ಳಿಹಾಕಿತು. ಜಾತಿಯೊಂದನ್ನೇ ಹಿಂದುಳಿದಿರುವಿಕೆಯ ಅಳತೆಗೋಲು ಮಾಡಬಾರದು, ಮೀಸಲಾತಿ ಸಾಮಾನ್ಯವಾಗಿ ಶೇ. 50ಕ್ಕಿಂತ ಕಡಿಮೆ ಇರಬೇಕು ಎಂದಿತು. ಆಗ ಸಂವಿಧಾನದ ಯಾವ ವಿಧಿಯಲ್ಲೂ ಇಲ್ಲದಿದ್ದ ಈ ಅಂಕಿ ದೇಶದ ಚರ್ಚೆಗೆ ಬಂದದ್ದು ಹೀಗೆ, ಮೈಸೂರಿನ ಕಾಲೇಜು ಸೀಟುಗಳ ಮೂಲಕ. ಮೂವತ್ತು ವರ್ಷಗಳ ಮೇಲೆ, 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಅಸಾಧಾರಣ ಸಂದರ್ಭ ಹೊರತು ಅದೇ ಮಿತಿ ಎಂದು ಗಟ್ಟಿಮಾಡಿತು.

ಈಗ ಲೆಕ್ಕ. ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಾಗದ, ಪೆನ್ಸಿಲ್ ಹಿಡಿದು ಮಾಡಿ ನೋಡಬೇಕಾದ ಲೆಕ್ಕ.

ಒಂದು ಕೋರ್ಸಿಗೆ 100 ಸೀಟು ಇವೆ ಎಂದುಕೊಳ್ಳೋಣ. ರ್‍ಯಾಂಕ್ ಪಟ್ಟಿಯ ಮೊದಲ 44 ಮಂದಿಯನ್ನು ಜಾತಿ ಕೇಳದೆ ಜಿ.ಎಂ. ಸೀಟಿಗೆ ಹಾಕಬೇಕು. ಅವರಲ್ಲಿ 9 ಮಂದಿ 2ಎ ಪ್ರವರ್ಗದವರು ಎನ್ನೋಣ. ಅವರು ಸ್ವಂತ ರ್‍ಯಾಂಕಿನಿಂದ ಬಂದವರು, 2ಎ ಖಾತೆಗೆ ಅವರನ್ನು ಖರ್ಚು ಬರೆಯುವಂತಿಲ್ಲ. ಆಮೇಲೆ ಪಟ್ಟಿಯಲ್ಲಿ ಕೆಳಗಿಳಿಯುತ್ತ ಮುಂದಿನ 15 ಮಂದಿ 2ಎ ಅಭ್ಯರ್ಥಿಗಳಿಗೆ ಕಾದಿರಿಸಿದ ಸೀಟು ಕೊಡಬೇಕು. ಒಟ್ಟು 24.

ಇದೇ ಕೆಲಸವನ್ನು ತಿರುಗಾಮುರುಗಾ ಮಾಡಿದರೆ ಏನಾಗುತ್ತದೆ? ಮೊದಲು 2ಎ ಖಾನೆ ತುಂಬಿಸೋಣ. ಮೇಲಿನ 9 ಮಂದಿಯೂ ಆ ಖಾನೆಗೇ ಹೋಗುತ್ತಾರೆ, ಜೊತೆಗೆ ಇನ್ನು 6 ಮಂದಿ. ಖಾನೆ ಭರ್ತಿ, ಒಟ್ಟು 15. ಜಿ.ಎಂ.ನಲ್ಲಿ ತೆರವಾದ 9 ಸೀಟು ರ್‍ಯಾಂಕಿನಲ್ಲಿ ಕೆಳಗಿದ್ದ ಬೇರೆಯವರ ಪಾಲು. ಶೇಕಡಾವಾರು ಒಂದೂ ಬದಲಾಗಿಲ್ಲ, ಕಾಯ್ದೆಯ ಒಂದಕ್ಷರವೂ ಅಳಿಸಿಲ್ಲ. ಬದಲಾದದ್ದು ತುಂಬಿಸುವ ಕ್ರಮ ಮಾತ್ರ. ಇಷ್ಟರಿಂದಲೇ ‘ಕನಿಷ್ಠ ಇಷ್ಟಾದರೂ ಸಿಗಲಿ’ ಎಂದಿದ್ದ ಭರವಸೆ ‘ಇಷ್ಟಕ್ಕಿಂತ ಹೆಚ್ಚು ಬೇಡ’ ಎಂಬ ಕಟ್ಟಳೆಯಾಗಿಬಿಡುತ್ತದೆ. ಮೀಸಲಾತಿಯ ಇತಿಹಾಸದಲ್ಲಿ ಘೋಷಣೆಗಳಿಗಿಂತ ಗುಮಾಸ್ತರ ಕೋಷ್ಟಕಗಳನ್ನು ಓದುವುದು ಹೆಚ್ಚು ಸ್ವಾರಸ್ಯ ಎನ್ನುವುದು ಇದಕ್ಕೇ.

ಕ್ರಮ ತಪ್ಪಿದ್ದನ್ನು ಪತ್ತೆಹಚ್ಚಲು ಒಂದು ಗುರುತಿದೆ: ಮೀಸಲು ಪ್ರವರ್ಗದಲ್ಲಿ ಸೀಟು ಸಿಗದವರ ಅಂಕ, ಸಾಮಾನ್ಯ ಪಟ್ಟಿಯಲ್ಲಿ ಕೊನೆಗೆ ಆಯ್ಕೆಯಾದವರ ಅಂಕಕ್ಕಿಂತ ಹೆಚ್ಚಿರುತ್ತದೆ. ಉತ್ತರ ಪ್ರದೇಶದ ಪೊಲೀಸ್ ನೇಮಕಾತಿಯಲ್ಲಿ ಹೀಗೇ ಆಯಿತು. ಸಾಮಾನ್ಯ ಮಹಿಳಾ ಪಟ್ಟಿಯ ಕೊನೆಯವರ ಅಂಕ 274.8298, ಅದಕ್ಕಿಂತ ಹೆಚ್ಚು ಪಡೆದ ಹಿಂದುಳಿದ ವರ್ಗದ ಮಹಿಳೆಯರು ಹೊರಗಿದ್ದರು. 2020ರ ಡಿಸೆಂಬರ್‌ನಲ್ಲಿ ಸೌರವ್ ಯಾದವ್ ಪ್ರಕರಣದ ತೀರ್ಪು ಇದನ್ನು ಸರಿಪಡಿಸಿತು. ಅದು ಉದ್ಯೋಗದ ಪ್ರಕರಣವಾದರೂ ತತ್ವ ಪ್ರವೇಶಕ್ಕೂ ಅನ್ವಯಿಸುತ್ತದೆ. ಮೀಸಲಾತಿಯಲ್ಲಿ ಎರಡು ಬಗೆ: ಜಾತಿವರ್ಗಗಳ ಮೀಸಲಾತಿ ಲಂಬ. ಅದನ್ನು ಅಡ್ಡಹಾಯುವ ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮದಂಥ ಮೀಸಲಾತಿ ಸಮತಲ. ಸಿಇಟಿ ಪಟ್ಟಿಯಲ್ಲಿ ಜಿ.ಎಂ. ಪಕ್ಕ ಕಾಣುವ ಜಿಎಂಆರ್, ಜಿಎಂಕೆ, 2ಎಆರ್, 2ಎಕೆ ಎಂಬ ಸಂಕೇತಗಳು ಇವೇ: ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5. ಅಡ್ಡ ಗೆರೆ ಎಳೆದ ಮಾತ್ರಕ್ಕೆ ಬಯಲು ಯಾರದೋ ಹಿತ್ತಿಲಾಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು.

ಕಾಲೇಜು ಹಲವಾದಾಗ ಇನ್ನೊಂದು ಗಂಟು ಬೀಳುತ್ತದೆ. ಜಿ.ಎಂ. ಪಟ್ಟಿಯ ಕೊನೆಯ ತುದಿಯಲ್ಲಿರುವ 2ಎ ಹುಡುಗಿಗೆ ಜಿ.ಎಂ.ನಲ್ಲಿ ದೂರದ ಕಾಲೇಜು ಸಿಗುತ್ತದೆ. ಅವಳಿಗಿಂತ ಕೆಳಗಿನ ರ್‍ಯಾಂಕಿನ 2ಎ ಹುಡುಗನಿಗೆ ಮೀಸಲು ಸೀಟಿನಲ್ಲಿ ಬೆಂಗಳೂರಿನ ಕಾಲೇಜೇ ಸಿಗಬಹುದು. ಹೆಚ್ಚು ಓದಿದ್ದಕ್ಕೆ ದಂಡ ತೆತ್ತಂತಾಯಿತು. 1996ರಲ್ಲಿ ರಿತೇಶ್ ಸಾಹ್ ಪ್ರಕರಣದಲ್ಲಿ ಇದಕ್ಕೆ ಪರಿಹಾರ ಬಂತು: ಅವಳು ಮೀಸಲು ಸೀಟಿನ ಕಾಲೇಜನ್ನು ಆರಿಸಿಕೊಳ್ಳಬಹುದು, ಲೆಕ್ಕ ಮಾತ್ರ ಸಾಮಾನ್ಯ ಅರ್ಹತೆಯ ಖಾತೆಯಲ್ಲೇ. ಅವಳು ಬಿಟ್ಟುಹೋದ ಸೀಟು ಯಾರಿಗೆ? ಅವಳ ಆಯ್ಕೆಯಿಂದ ಸೀಟು ಕಳೆದುಕೊಂಡ ಮೀಸಲು ಅಭ್ಯರ್ಥಿಗೆ ಎಂದು 2018ರ ತ್ರಿಪುರಾರಿ ಶರಣ್ ತೀರ್ಪು ಉತ್ತರಿಸಿತು. ಕಾಲೇಜು ಆರಿಸುವ ಆಪ್ಷನ್ ಎಂಟ್ರಿಯ ಕಂಪ್ಯೂಟರ್ ಪರದೆಯ ಹಿಂದೆ ಇಷ್ಟೆಲ್ಲ ವ್ಯಾಜ್ಯದ ಚರಿತ್ರೆ ಅಡಗಿದೆ.

ಕಟ್ ಆಫ್ ಅಂಕಿಯನ್ನು ಓದುವಾಗಲೂ ಇದೇ ಎಚ್ಚರ ಬೇಕು. ಪ್ರವರ್ಗದ ಕಟ್ ಆಫ್ ಎಂದರೆ ಅದರ ಕೊನೆಯ ಸೀಟು ಹಿಡಿದವರ ರ್‍ಯಾಂಕು. ಆ ಸಮುದಾಯದ ಮಕ್ಕಳ ಸರಾಸರಿ ಅಲ್ಲ. ಆ ಸಮುದಾಯದಲ್ಲಿ ಅತಿ ಹೆಚ್ಚು ಅಂಕ ಪಡೆದವರು ಮೊದಲೇ ಜಿ.ಎಂ.ಗೆ ಏರಿಬಿಟ್ಟಿರುವುದರಿಂದ ಆ ಅಂಕಿಯಲ್ಲಿ ಅವರು ಕಾಣುವುದೇ ಇಲ್ಲ.

ಶೇ. 50ರ ವಾದವೂ ಈ ಲೆಕ್ಕದ ಮುಂದೆ ಬೇರೆಯಾಗಿ ಕಾಣುತ್ತದೆ. ಉಳಿದರ್ಧ ಮುಂದುವರಿದ ಜಾತಿಗಳಿಗೆ ಸಿಕ್ಕ ರಕ್ಷಣೆ ಎಂದು ಭಾವಿಸುವವರಿದ್ದಾರೆ. ಬಾಲಾಜಿ ತೀರ್ಪಿನ ಅರ್ಧ, ತೆರೆದ ಸ್ಪರ್ಧೆಯ ವಿಸ್ತಾರಕ್ಕೆ ಹಾಕಿದ ಅಳತೆ; ಯಾವ ಗುಂಪಿನ ಪಾಲಿನ ಖಾತರಿಯೂ ಅಲ್ಲ. ತರಗತಿಯ ನೂರರಲ್ಲಿ ಎಪ್ಪತ್ತು ಮಕ್ಕಳು ಮೀಸಲು ವರ್ಗದವರಾದರೂ ಮಿತಿ ಮುರಿದಂತಾಗುವುದಿಲ್ಲ. ಹಾಗೆಂದು ವಿವಾದವೆಲ್ಲ ಮುಗಿಯುವುದಿಲ್ಲ. ಜಾತಿಯೋ ಆದಾಯವೋ, ಕೆನೆಪದರವನ್ನು ಎಲ್ಲಿ ತೆಗೆಯಬೇಕು, ಪ್ರವೇಶ ಪರೀಕ್ಷೆಯ ಅಂಕವೊಂದೇ ಅರ್ಹತೆಯೋ ಎಂಬವು ನಿಜವಾದ ಭಿನ್ನಾಭಿಪ್ರಾಯಗಳು. ಕೊನೆಯದರ ಬಗ್ಗೆ, ಪರೀಕ್ಷೆಯ ಅಂಕಗಳ ಹಿಂದೆ ಕುಟುಂಬದ ಅನುಕೂಲವೂ ಇರುತ್ತದೆ ಎಂದು ವಿವರಿಸಿದ 2022ರ ನೀಲ್ ಆರೆಲಿಯೊ ನುನೆಸ್ ತೀರ್ಪನ್ನು ಎರಡೂ ಪಕ್ಷದವರು ಪೂರ್ತಿ ಓದಬೇಕು. ಬಾಲಾಜಿ ತೀರ್ಪನ್ನೂ ಅಷ್ಟೆ. ಅದನ್ನು ಉಲ್ಲೇಖಿಸುವವರು ಹೆಚ್ಚು, ತೆರೆದು ನೋಡಿದವರು ಕಡಿಮೆ.

2019ರ 103ನೇ ತಿದ್ದುಪಡಿ ಈ ನಕ್ಷೆಗೆ ಹೊಸ ಖಾನೆಯೊಂದನ್ನು ಸೇರಿಸಿತು: ಆರ್ಥಿಕವಾಗಿ ದುರ್ಬಲರಾದವರಿಗೆ ಗರಿಷ್ಠ ಶೇ. 10. ಕೇಂದ್ರದ ವಿದ್ಯಾಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 7.5, ಹಿಂದುಳಿದ ವರ್ಗಗಳಿಗೆ 27ರ ಜೊತೆ ಇದೂ ಸೇರಿ ಬಯಲು 40.5ಕ್ಕೆ ಇಳಿಯಿತು. ಈ ಖಾನೆ ಉಳಿದವುಗಳಂತಲ್ಲ. ಬೇರೆ ಯಾವ ಮೀಸಲಾತಿಯೂ ಇಲ್ಲದವರು ಮಾತ್ರ ಇದಕ್ಕೆ ಅರ್ಹರು. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಬಡವರಿಗೆ ಪ್ರವೇಶವಿಲ್ಲ. ಎಲ್ಲರಿಗೂ ಒಂದೊಂದು ಖಾನೆ ಎಂಬ ಹದಿನಾಲ್ಕು ಸೀಟಿನ ತರ್ಕದ ನೆರಳು ಇಲ್ಲಿ ಕಾಣುತ್ತದೆ. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಮೂರು–ಎರಡರ ಬಹುಮತದಿಂದ ಎತ್ತಿಹಿಡಿಯಿತು. ಒಪ್ಪದ ಇಬ್ಬರು ಯು.ಯು. ಲಲಿತ್ ಮತ್ತು ಎಸ್. ರವೀಂದ್ರ ಭಟ್. ಸಾಮಾನ್ಯ ಅರ್ಹತೆಯ ಸೀಟಿನ ಮೇಲೆ ಯಾರ ಹೆಸರೂ ಇಲ್ಲ ಎಂದ ಸೌರವ್ ಯಾದವ್ ಪೀಠದಲ್ಲಿ ಕುಳಿತಿದ್ದವರೂ ಇವರೇ.