ಬಿಸಿಲೂ ಒಂದು ಬೆಳೆ

ಸೂರ್ಯ ಬಿಲ್ಲು ಕಳಿಸುವುದಿಲ್ಲ. ಸೌರ ಪಂಪಿನ ಹೆಚ್ಚುಗಾರಿಕೆ ಇದೇ, ಅಪಾಯವೂ ಇದೇ. ಡೀಸೆಲ್ ಪಂಪು ಇಟ್ಟುಕೊಂಡ ರೈತ ಗಂಟೆಗಂಟೆಗೂ ಎಣ್ಣೆಯ ಖರ್ಚು ಲೆಕ್ಕ ಹಾಕುತ್ತಾನೆ. ಬೆಳೆಗೆ ಸಾಕಾದೊಡನೆ ಪಂಪು ನಿಲ್ಲಿಸುತ್ತಾನೆ. ಸೌರ ಫಲಕ ಹಾಕಿಸಿದ ಮೇಲೆ ನೀರೆತ್ತಲು ದಿನದ ಖರ್ಚೇ ಇಲ್ಲ. ಹೊಗೆ ನಿಂತಿತು, ಸರಿ. ಆದರೆ ಅಂತರ್ಜಲದ ಗತಿ?

ಇದಕ್ಕೆ ಉತ್ತರ ಹುಡುಕುವ ಪ್ರಯೋಗವೊಂದು ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ ನಡೆಯಿತು. 2015–16ರಲ್ಲಿ ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ ನೆರವಿನಿಂದ ಆರು ಮಂದಿ ರೈತರು ಸೌರ ಪಂಪು ಹಾಕಿಸಿಕೊಂಡು ಸಹಕಾರ ಸಂಘ ಕಟ್ಟಿದರು. ಶಾಲೆಯ ಪ್ರಯೋಗಶಾಲೆಯಲ್ಲಿ ನಾವು ವಸ್ತುಗಳನ್ನು ಪರೀಕ್ಷಿಸುತ್ತೇವೆ. ಅಲ್ಲಿ ಪರೀಕ್ಷೆಗೆ ಒಳಗಾದದ್ದು ಒಂದು ನಿಯಮ. ನೀರಾವರಿ ಮುಗಿದು ಉಳಿದ ವಿದ್ಯುತ್ತನ್ನು ರೈತನೇ ವಿದ್ಯುತ್ ಕಂಪನಿಗೆ ಮಾರಬಹುದಾದರೆ ಏನಾಗುತ್ತದೆ?

ಕಂಪನಿ ಯೂನಿಟ್ಟಿಗೆ 4.63 ರೂಪಾಯಿಯಂತೆ 25 ವರ್ಷ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಜಲ ಸಂಸ್ಥೆ ಅದರ ಮೇಲೆ 2.50 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ಇದಕ್ಕೆ ಬದಲಾಗಿ ರೈತರು ರಿಯಾಯಿತಿ ದರದ ವಿದ್ಯುತ್ ಸಂಪರ್ಕದ ಹಕ್ಕನ್ನು ಬಿಟ್ಟುಕೊಟ್ಟರು. ಕಂಪನಿ ಒಬ್ಬೊಬ್ಬ ರೈತನೊಡನೆಯೂ ಲೆಕ್ಕ ಇಡಬೇಕಾಗಿರಲಿಲ್ಲ. ಅದರ ವ್ಯವಹಾರ ಸಂಘದೊಡನೆ ಮಾತ್ರ. ಹಣ ಹಂಚುವುದು ಸಂಘದ ಕೆಲಸ.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ನೂರು ಮೀಟರ್ ಆಳದಿಂದ ಸಾವಿರ ಲೀಟರ್ ನೀರೆತ್ತಲು ಬೇಕಾದ ಶಕ್ತಿ 1000 × 9.8 × 100, ಅಂದರೆ 9.8 ಲಕ್ಷ ಜೂಲ್. ಪಂಪಿನ ದಕ್ಷತೆ ನೂರಕ್ಕೆ ನಲವತ್ತು ಎಂದಿಟ್ಟುಕೊಂಡರೆ 24.5 ಲಕ್ಷ ಜೂಲ್ ಬೇಕು. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಹಾಗಾಗಿ ಸುಮಾರು 0.7 ಯೂನಿಟ್ ಖರ್ಚಾಯಿತು. ಢುಂಡಿಯ 7.13 ರೂಪಾಯಿ ದರದಲ್ಲಿ ಇದು ಹತ್ತಿರಹತ್ತಿರ ಐದು ರೂಪಾಯಿ. ಬಿಸಿಲಿಗೆ ಬೆಲೆ ಬಂದೊಡನೆ ವ್ಯರ್ಥವಾಗಿ ಹರಿಸಿದ ನೀರಿಗೂ ಬೆಲೆ ಬಂತು. ಪಂಪು ನಿಲ್ಲಿಸಿ ಎಂದು ಯಾರೂ ಉಪದೇಶ ಮಾಡಬೇಕಾಗಿಲ್ಲ.

ಹಾಗೆಂದು ಇದು ಮಂತ್ರದಂಡವಲ್ಲ. ಢುಂಡಿಯ ರೈತರು ನೆರೆಹೊರೆಯವರಿಗೆ ನೀರನ್ನೂ ಮಾರುತ್ತಿದ್ದರು. ವಿದ್ಯುತ್ತಿಗಿಂತ ನೀರಿಗೇ ಹೆಚ್ಚು ಹಣ ಬರುವುದಾದರೆ ರೈತ ನೀರನ್ನೇ ಎತ್ತುತ್ತಾನೆ. ಕೊಳ್ಳುವ ದರ ತೀರ ಕಡಿಮೆಯಾದರೆ ಉಳಿಸುವ ಆಸೆ ಹುಟ್ಟದು. ತೀರ ಹೆಚ್ಚಾದರೆ ಹೊರೆ ಉಳಿದ ಗ್ರಾಹಕರ ಮೇಲೆ ಬೀಳುತ್ತದೆ. ಇಂಥ ನಿಯಮವನ್ನು ಒಮ್ಮೆಲೇ ನಾಡಿಗೆಲ್ಲ ಹೇರದೆ ಮೊದಲು ಒಂದು ಹಳ್ಳಿಯಲ್ಲಿ ಪರೀಕ್ಷಿಸುವುದು ಇದಕ್ಕಾಗಿಯೇ. ತಪ್ಪಿದರೆ ನಷ್ಟ ಚಿಕ್ಕದು, ಪಾಠ ದೊಡ್ಡದು.

2018ರಲ್ಲಿ ಗುಜರಾತ್ ಸರ್ಕಾರ ಇದೇ ಹಾದಿಯಲ್ಲಿ ಸೂರ್ಯಶಕ್ತಿ ಕಿಸಾನ್ ಯೋಜನೆ ತಂದಿತು. 2019ರಲ್ಲಿ ಒಪ್ಪಿಗೆ ಪಡೆದ ಕೇಂದ್ರದ ಕುಸುಮ್ ಯೋಜನೆಯಲ್ಲಿಯೂ ಪಂಪುಗಳನ್ನು ವಿದ್ಯುತ್ ಜಾಲಕ್ಕೆ ಜೋಡಿಸಿ ಹೆಚ್ಚುವರಿ ವಿದ್ಯುತ್ ಮಾರುವ ಅವಕಾಶವಿದೆ.

ಕರ್ನಾಟಕದಲ್ಲಿ 2008ರಿಂದ ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ರೈತನಿಗೆ ಅದು ಆಸರೆ. ಆದರೆ ನೀರು ಉಳಿಸಿದವನಿಗೆ ಅದರಿಂದ ಒಂದು ಕಾಸೂ ಸಿಗದು. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಅಥವಾ ನೆಂಟರ ಕೊಳವೆಬಾವಿಯ ಆಳ ಕೇಳಿ ತಿಳಿದು, ಮೇಲಿನ ಲೆಕ್ಕವನ್ನು ನೀವೇ ಮಾಡಿನೋಡಿ. ಬಂದ ಉತ್ತರವನ್ನು ಅಪ್ಪ, ಅಜ್ಜನ ಮುಂದಿಡಿ. ಮಾತು ಅಲ್ಲಿಂದ ಶುರುವಾಗಲಿ.